ಕಡಲಾಚೆಯ 17 ಪ್ರದೇಶಗಳು: ‘ಸ್ವಯಂ ನಿರ್ಣಯ’ದ ‘ಸ್ವಯಂ’ ಯಾರು?

ಕಾರವಾರದ ಬಿಣಗಾ ದಂಡೆಯ ಮೇಲೆ ನಿಂತರೆ ಎದುರಿಗೇ ಇರುವ ಅಂಜುದೀವ ಉತ್ತರ ಕನ್ನಡ ಜಿಲ್ಲೆಗೆ ಸೇರಿಲ್ಲ, ಅದು ಗೋವಾ ರಾಜ್ಯದ ನೆಲ. ಪೋರ್ಚುಗೀಸರು 1505ರಲ್ಲಿ ಅಲ್ಲಿ ಕೋಟೆ ಕಟ್ಟಿದರು, ಬಿಟ್ಟುಹೋದರು, 1682ರಲ್ಲಿ ಮರಳಿ ಬಂದವರು 1961ರವರೆಗೆ ಕದಲಲಿಲ್ಲ. ಆ ವರ್ಷ ನವೆಂಬರ್ 24ರಂದು ದ್ವೀಪದ ಕಾವಲು ಪಡೆ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿತು. ಡಿಸೆಂಬರ್ 18ರಂದು ದ್ವೀಪವನ್ನು ವಶಪಡಿಸಿಕೊಳ್ಳಲು ಇಳಿದ ನಮ್ಮ ನೌಕಾಪಡೆಯ ಏಳು ಮಂದಿ ಅಲ್ಲೇ ಜೀವ ಬಿಟ್ಟರು.

ಇಲ್ಲಿಯ ಹಿರಿಯರಿಗೆ ಇದು ಗೊತ್ತಿರುವ ಸಂಗತಿ. ಅದಕ್ಕೂ ಒಂದು ವರ್ಷ ಮೊದಲು ನ್ಯೂಯಾರ್ಕಿನಲ್ಲಿ ಆದ ಕಾಗದದ ಕೆಲಸ ಅಷ್ಟು ಪರಿಚಿತವಲ್ಲ. ಗೋವಾ ತನ್ನ ವಸಾಹತೇ ಅಲ್ಲ ಎಂಬುದು ಪೋರ್ಚುಗಲ್‌ನ ವಾದವಾಗಿತ್ತು. 1951ರಲ್ಲಿ ಅದು ಸಂವಿಧಾನ ತಿದ್ದಿ ‘ವಸಾಹತು’ ಎಂಬ ಪದ ಇದ್ದಲ್ಲೆಲ್ಲ ‘ಕಡಲಾಚೆಯ ಪ್ರಾಂತ್ಯ’ ಎಂದು ಬರೆದುಕೊಂಡಿತ್ತು. ಸ್ವಂತ ಪ್ರಾಂತ್ಯದ ಬಗ್ಗೆ ವಿಶ್ವಸಂಸ್ಥೆಗೆ ವರದಿ ಯಾಕೆ ಕೊಡಬೇಕು ಎಂದು ಕೇಳುತ್ತಿತ್ತು. 1960ರ ಡಿಸೆಂಬರ್ 15ರಂದು ಸಾಮಾನ್ಯ ಸಭೆ 1542ನೇ ಠರಾವು ಮಾಡಿ ಪೋರ್ಚುಗಲ್‌ನ ಕೈಯಲ್ಲಿರುವ ಪ್ರದೇಶಗಳನ್ನು ಒಂದೊಂದಾಗಿ ಹೆಸರಿಸಿತು. ಅಂಗೋಲಾ, ಮೊಜಾಂಬಿಕ್, ಮಕಾವ್, ತಿಮೋರ್‌ಗಳ ಜೊತೆಗೆ ‘ಗೋವಾ ಮತ್ತು ಅದರ ಅಧೀನ ಪ್ರದೇಶಗಳು’ ಎಂಬ ಸಾಲೂ ಅದರಲ್ಲಿತ್ತು. ಅಂಜುದೀವ ಬಂದದ್ದು ಆ ಸಾಲಿನೊಳಗೆ. ಮರುವರ್ಷ ಭಾರತದ ಸೇನೆ ಗೋವಾ ಹೊಕ್ಕಾಗ ಭದ್ರತಾ ಮಂಡಳಿಯಲ್ಲಿ ಕದನವಿರಾಮ ಕೇಳುವ ಕರಡಿಗೆ 7 ಮತ ಪರ, 4 ವಿರೋಧ ಬಂದು, ಸೋವಿಯತ್ ಒಕ್ಕೂಟದ ವೀಟೋದಿಂದ ಅದು ಬಿದ್ದುಹೋಯಿತು. ಆ ಚರ್ಚೆಯಲ್ಲಿ ಭಾರತದ ಕೈಗೆ ಸಿಕ್ಕ ಗಟ್ಟಿ ಆಧಾರವೆಂದರೆ ಇದೇ ಪಟ್ಟಿ. ‘ಪ್ರಾಂತ್ಯ’ ಎಂಬ ವಾದ ಆಗಲೇ ಸತ್ತಿತ್ತು.

ಸ್ವಾಡಳಿತ ಸಿಗದ ಪ್ರದೇಶಗಳೆಂದು ವಿಶ್ವಸಂಸ್ಥೆ ಇಟ್ಟುಕೊಂಡ ಇಂಥದೇ ಪಟ್ಟಿಯಲ್ಲಿ ಇವತ್ತಿಗೂ 17 ಹೆಸರುಗಳಿವೆ. 1946ರಲ್ಲಿ ಎಂಟು ದೇಶಗಳು ಕೊಟ್ಟ 72 ಪ್ರದೇಶಗಳಿಂದ ಶುರುವಾದ ಪಟ್ಟಿ ಇದು. ಹತ್ತು ಬ್ರಿಟನ್ನಿನ ಕೈಯಲ್ಲಿವೆ: ಬರ್ಮುಡಾ, ಕೇಮನ್, ಬ್ರಿಟಿಷ್ ವರ್ಜಿನ್ ದ್ವೀಪಗಳು, ಅಂಗ್ವಿಲ್ಲಾ, ಮಾಂಟ್ಸೆರಾಟ್, ಟರ್ಕ್ಸ್ ಮತ್ತು ಕೈಕೋಸ್, ಸೇಂಟ್ ಹೆಲೆನಾ, ಫಾಕ್‌ಲ್ಯಾಂಡ್, ಜಿಬ್ರಾಲ್ಟರ್, ಪಿಟ್‌ಕೇರ್ನ್. ಗುವಾಮ್, ಅಮೆರಿಕನ್ ಸಮೋವಾ, ಅಮೆರಿಕನ್ ವರ್ಜಿನ್ ದ್ವೀಪಗಳು ಅಮೆರಿಕದವು. ನ್ಯೂ ಕ್ಯಾಲೆಡೋನಿಯಾ ಮತ್ತು ಫ್ರೆಂಚ್ ಪಾಲಿನೇಷಿಯಾ ಫ್ರಾನ್ಸಿನವು, ಟೋಕೆಲಾವ್ ನ್ಯೂಜಿಲೆಂಡಿನದು. ಹದಿನೇಳನೆಯದಾದ ಪಶ್ಚಿಮ ಸಹಾರಾದಿಂದ ಸ್ಪೇನ್ 1976ರಲ್ಲಿ ಹೊರನಡೆಯಿತು, ಈಗ ಬಹುಭಾಗ ಮೊರಾಕ್ಕೊದ ಹಿಡಿತದಲ್ಲಿದೆ. ಎಲ್ಲ ಕೂಡಿಸಿದರೂ ಜನಸಂಖ್ಯೆ 20 ಲಕ್ಷದೊಳಗೆ. ವಸಾಹತುಶಾಹಿ ನಿರ್ಮೂಲನೆಗೆಂದು ವಿಶ್ವಸಂಸ್ಥೆ ಘೋಷಿಸಿದ ನಾಲ್ಕನೇ ದಶಕ 2030ಕ್ಕೆ ಮುಗಿಯುತ್ತದೆ. ಮೊದಲ ದಶಕ ಶುರುವಾದದ್ದು 1990ರಲ್ಲಿ. ಸ್ವತಂತ್ರವಾಗಿ ಪಟ್ಟಿಯಿಂದ ಕೊನೆಗೆ ಹೊರಬಂದದ್ದು ಪೂರ್ವ ತಿಮೋರ್, 2002ರ ಮೇ 20ರಂದು. ಆಮೇಲೆ ಒಂದೂ ಹೊರಬಂದಿಲ್ಲ, ಒಂದು ಒಳಬಂದಿದೆ.

ಯಾಕೆ ಹೀಗೆ ಎಂದು ಕೇಳಿದರೆ ‘ದೊಡ್ಡ ದೇಶಗಳಿಗೆ ಮನಸ್ಸಿಲ್ಲ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು ಅರ್ಧ ಮಾತ್ರ ನಿಜ. ಈ ಹದಿನೇಳರಲ್ಲಿ ಹಲವು ಕಡೆ ಮತದಾನ ಆಗಿದೆ, ಕೆಲವೆಡೆ ಪದೇ ಪದೇ ಆಗಿದೆ. ‘ಸ್ವಯಂ ನಿರ್ಣಯ’ದ, ಅಂದರೆ ತಮ್ಮ ನೆಲದ ಭವಿಷ್ಯವನ್ನು ಅಲ್ಲಿಯ ಜನರೇ ತೀರ್ಮಾನಿಸುವ ಹಕ್ಕಿನ, ಗಂಟು ಬಿದ್ದಿರುವುದು ಯಾರು ಮತ ಹಾಕಬೇಕು, ಯಾವ ಪ್ರಶ್ನೆಗೆ, ಎಷ್ಟು ಮತ ಬಂದರೆ ಸಾಕು ಎಂಬಲ್ಲಿ.

ಮೊದಲು ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ನೋಡೋಣ. ವಿಶ್ವಸಂಸ್ಥೆಯ ಸನದಿನ 73ನೇ ವಿಧಿಯ ಪ್ರಕಾರ ಆಡಳಿತ ನಡೆಸುವ ದೇಶ ಆ ಪ್ರದೇಶದ ಆರ್ಥಿಕ, ಸಾಮಾಜಿಕ, ಶೈಕ್ಷಣಿಕ ಮಾಹಿತಿಯನ್ನು ವರ್ಷವರ್ಷ ಕೊಡಬೇಕು. ಆಡಳಿತ ವರ್ಷ ಮುಗಿದ ಆರು ತಿಂಗಳೊಳಗೆ ಅದು ತಲುಪಬೇಕು. ಅದರ ಮೇಲೆ ವಿಶ್ವಸಂಸ್ಥೆಯ ಕಚೇರಿ ಒಂದು ಟಿಪ್ಪಣಿ ತಯಾರಿಸುತ್ತದೆ. ಮೇ ತಿಂಗಳಲ್ಲಿ ಒಂದು ವರ್ಷ ಕೆರಿಬಿಯನ್, ಮರುವರ್ಷ ಪೆಸಿಫಿಕ್ ಕಡೆ ವಿಚಾರ ಸಂಕಿರಣ. ಜೂನ್‌ನಲ್ಲಿ ವಸಾಹತುಶಾಹಿ ನಿರ್ಮೂಲನೆಯನ್ನು ನೋಡಿಕೊಳ್ಳುವ ‘24ರ ಸಮಿತಿ’ಯ ಮುಖ್ಯ ಅಧಿವೇಶನ. ಹೆಸರು 24 ಎಂದಿದ್ದರೂ ಈಗ ಅದರಲ್ಲಿ 29 ದೇಶಗಳಿವೆ. 1961ರಲ್ಲಿ 17 ಸದಸ್ಯರೊಂದಿಗೆ ಅದು ಹುಟ್ಟಿದಾಗಿನಿಂದ ಭಾರತ ಅದರೊಳಗಿದೆ. ಅಕ್ಟೋಬರ್‌ನಲ್ಲಿ ಸಾಮಾನ್ಯ ಸಭೆಯ ನಾಲ್ಕನೇ ಸಮಿತಿಯ ಮುಂದೆ ಆ ಪ್ರದೇಶಗಳ ಜನರೇ ಬಂದು ಅಹವಾಲು ಹೇಳಬಹುದು. ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆಯ ಠರಾವು ಬರುತ್ತದೆ. ಸಮಿತಿಯವರು ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಬೇಕೆಂದರೆ ಮಾತ್ರ ಆಡಳಿತ ನಡೆಸುವ ದೇಶದ ಒಪ್ಪಿಗೆ ಬೇಕು. ಸರಪಳಿಯಲ್ಲಿ ಅತಿ ದುರ್ಬಲ ಕೊಂಡಿ ಇದು. ನ್ಯೂಜಿಲೆಂಡ್ ಸಹಕರಿಸುತ್ತದೆ. ಬ್ರಿಟನ್, ಅಮೆರಿಕಗಳು ಸಮಿತಿಯ ಕಲಾಪದಲ್ಲಿ ಔಪಚಾರಿಕವಾಗಿ ಪಾಲ್ಗೊಳ್ಳುವುದಿಲ್ಲ. ಸ್ಥಳಕ್ಕೆ ಹೋಗದೆ ಕಾಗದ ನೋಡಿ ಬರೆದ ಠರಾವು ಹಿಂದಿನ ವರ್ಷದ ಠರಾವನ್ನೇ ಹೋಲುವುದರಲ್ಲಿ ಆಶ್ಚರ್ಯವಿಲ್ಲ.

ಪಟ್ಟಿಯಿಂದ ಹೊರಬರುವ ದಾರಿಗಳನ್ನು 1960ರ 1541ನೇ ಠರಾವು ಮೂರಾಗಿ ಹೇಳಿತು: ಸ್ವಾತಂತ್ರ್ಯ, ಮತ್ತೊಂದು ಸ್ವತಂತ್ರ ದೇಶದೊಂದಿಗೆ ಮುಕ್ತ ಸಹಯೋಗ, ಅಥವಾ ಅದರಲ್ಲಿ ಸಮಾನ ಹಕ್ಕಿನ ವಿಲೀನ. ‘ಜನರೇ ಮುಕ್ತವಾಗಿ ಆರಿಸಿಕೊಂಡ ಬೇರೆ ಯಾವುದೇ ಸ್ಥಾನಮಾನ’ ಎಂಬ ನಾಲ್ಕನೆಯದನ್ನು 1970ರ 2625ನೇ ಠರಾವು ಸೇರಿಸಿತು. ಮುಕ್ತ ಸಹಯೋಗಕ್ಕೆ ಕುಕ್ ದ್ವೀಪಗಳು (1965) ಮತ್ತು ನಿಯುವೆ (1974) ಮಾದರಿ: ಪೌರತ್ವ ನ್ಯೂಜಿಲೆಂಡಿನದು, ಸರ್ಕಾರ ತಮ್ಮದು, ಬೇಡವೆನಿಸಿದ ದಿನ ಹೊರಬರುವ ಹಕ್ಕು ದ್ವೀಪದವರ ಕೈಯಲ್ಲಿ. ವಿಲೀನಕ್ಕೆ ನಮ್ಮ ಹಿಂದೂ ಮಹಾಸಾಗರದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಕೋಕೋಸ್ ದ್ವೀಪಗಳಲ್ಲಿ 1984ರ ಏಪ್ರಿಲ್ 6ರಂದು ವಿಶ್ವಸಂಸ್ಥೆಯ ತಂಡದ ಎದುರು 261 ಜನ ಮತ ಹಾಕಿದರು. ಮತಪತ್ರದಲ್ಲಿ ಮೂರೂ ಆಯ್ಕೆಗಳಿದ್ದವು. ಆಸ್ಟ್ರೇಲಿಯಾದಲ್ಲಿ ವಿಲೀನಕ್ಕೆ 229, ಸಹಯೋಗಕ್ಕೆ 21, ಸ್ವಾತಂತ್ರ್ಯಕ್ಕೆ 9. ಫಲಿತಾಂಶ ಏನೇ ಇರಲಿ, ಕೇಳಿದ ರೀತಿ ಸರಿಯಾಗಿತ್ತು. ‘ಹೌದು–ಇಲ್ಲ’ ಎಂಬ ಎರಡೇ ಮನೆಯ ಮತಪತ್ರದಲ್ಲಿ ನಡುವಿನ ದಾರಿ ಬೇಕೆನ್ನುವವರು ‘ಇಲ್ಲ’ಕ್ಕೆ ಒತ್ತುತ್ತಾರೆ, ಆಮೇಲೆ ಆ ‘ಇಲ್ಲ’ವನ್ನು ಈಗಿರುವ ಸ್ಥಿತಿಗೆ ಒಪ್ಪಿಗೆ ಎಂದು ಓದಲಾಗುತ್ತದೆ.

ಕಟ್-ಆಫ್ ದಿನಾಂಕ ಎಂಬ ಗಂಟು

ಶಿರಸಿ, ಸಿದ್ದಾಪುರ, ಅಂಕೋಲಾ ಕಡೆ ಅರಣ್ಯ ಹಕ್ಕಿನ ಅರ್ಜಿ ತುಂಬಿದ ಕುಟುಂಬಗಳಿಗೆ ಕಟ್-ಆಫ್ ದಿನಾಂಕದ ತೂಕ ಬೇರೆಯವರು ವಿವರಿಸಬೇಕಿಲ್ಲ. 2006ರ ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದನ್ನು ತೋರಿಸಬೇಕು. ಕಾಗದ ಇಲ್ಲದಿದ್ದರೆ ಹಿರಿಯರ ಲಿಖಿತ ಹೇಳಿಕೆಗೂ ನಿಯಮದಲ್ಲಿ ಜಾಗವಿದೆ, ಆದರೆ ಅದಕ್ಕೆ ಎಷ್ಟು ಬೆಲೆ ಎಂಬಲ್ಲಿ ಜಗಳ. ಸ್ವಯಂ ನಿರ್ಣಯದ ಮತದಾರರ ಪಟ್ಟಿಯೂ ನಿಂತಿರುವುದು ಹೆಚ್ಚುಕಡಿಮೆ ಇದೇ ಜಾಗದಲ್ಲಿ.

ಪಶ್ಚಿಮ ಸಹಾರಾವನ್ನು ನೋಡಿ. 1975ರ ಅಕ್ಟೋಬರ್ 16ರಂದು ಅಂತರರಾಷ್ಟ್ರೀಯ ನ್ಯಾಯಾಲಯ, ಆ ನೆಲದ ಮೇಲೆ ಮೊರಾಕ್ಕೊಗಾಗಲಿ ಮಾರಿಟಾನಿಯಾಗಾಗಲಿ ಪ್ರಾದೇಶಿಕ ಸಾರ್ವಭೌಮತ್ವದ ನಂಟು ಇರಲಿಲ್ಲ ಎಂದು ಅಭಿಪ್ರಾಯ ಕೊಟ್ಟಿತು. ಮೂರೇ ವಾರದಲ್ಲಿ ಮೊರಾಕ್ಕೊ ತನ್ನ ಜನರನ್ನು ಮೆರವಣಿಗೆಯಲ್ಲಿ ಗಡಿ ದಾಟಿಸಿತು. ಮೊರಾಕ್ಕೊಗೂ ಸ್ವಾತಂತ್ರ್ಯ ಬೇಕೆಂದ ಸಹರಾವಿಗಳಿಗೂ (ಪಶ್ಚಿಮ ಸಹಾರಾದ ಮೂಲ ಜನ) ಯುದ್ಧವಾಯಿತು. 1991ರ ಸೆಪ್ಟೆಂಬರ್‌ನಲ್ಲಿ ಕದನವಿರಾಮ, ಜೊತೆಗೆ ಜನಮತ ಸಂಗ್ರಹದ ಭರವಸೆ. ಆಧಾರವೆಂದು ಹಿಡಿದದ್ದು ಸ್ಪೇನ್ 1974ರಲ್ಲಿ ಮಾಡಿದ ಜನಗಣತಿ, ಅದರಲ್ಲಿ 73,497 ಸಹರಾವಿಗಳು. ಮರುಭೂಮಿಯಲ್ಲಿ ಒಂಟೆಗಳೊಂದಿಗೆ ಅಲೆಯುವವರ, ಗಡಿಯಾಚೆ ಓಡಿಹೋದವರ ಹೆಸರು ಅದರಲ್ಲಿ ಬಿಟ್ಟುಹೋಗಿರುವುದು ಸಹಜ. ಹಾಗಾಗಿ ಒಬ್ಬೊಬ್ಬರನ್ನೇ ಕೂರಿಸಿ ಗುರುತಿಸುವ ಕೆಲಸ 1994ರಲ್ಲಿ ಶುರುವಾಯಿತು. ಎದುರಿಗೆ ಎರಡೂ ಪಕ್ಷಗಳ ಕುಲದ ಹಿರಿಯರು ಕೂತು ‘ಇವನು ನಮ್ಮವನು’ ಅಥವಾ ‘ಅಲ್ಲ’ ಎಂದು ಸಾಕ್ಷಿ ಹೇಳಬೇಕು. ಮೊರಾಕ್ಕೊ ದಕ್ಷಿಣದ ತನ್ನ ನೆಲದಿಂದ ಸಾವಿರಾರು ಜನರನ್ನು ಅರ್ಜಿದಾರರಾಗಿ ತಂದು ನಿಲ್ಲಿಸಿತು. 1999ರ ಕೊನೆಗೆ ಉಳಿದದ್ದು 86 ಸಾವಿರ ಚಿಲ್ಲರೆ ಹೆಸರು, ಮೇಲ್ಮನವಿಗಳು ಸುಮಾರು 1.3 ಲಕ್ಷ. ಒಪ್ಪಿದ ಹೆಸರುಗಳಿಗಿಂತ ತಕರಾರುಗಳೇ ಹೆಚ್ಚಾದಾಗ ಕೆಲಸ ಅಲ್ಲಿಗೇ ನಿಂತಿತು. 2020ರ ನವೆಂಬರ್‌ನಲ್ಲಿ ಕದನವಿರಾಮವೂ ಮುರಿಯಿತು. 2025ರ ಅಕ್ಟೋಬರ್ 31ರಂದು ಭದ್ರತಾ ಮಂಡಳಿಯ 2797ನೇ ಠರಾವು ತನ್ನ ಆಳ್ವಿಕೆಯೊಳಗೇ ಸ್ವಾಡಳಿತ ಕೊಡುವ ಮೊರಾಕ್ಕೊದ ‘ಸ್ವಾಯತ್ತತೆ ಯೋಜನೆ’ಯನ್ನೇ ಮಾತುಕತೆಯ ಆಧಾರವಾಗಿ ಮುಂದಿಟ್ಟಿತು. ಸ್ವಯಂ ನಿರ್ಣಯ ಎಂಬ ಪದ ಅದರಲ್ಲಿ ಉಳಿದಿದೆ. ಆದರೆ ಸ್ವಾತಂತ್ರ್ಯದ ಆಯ್ಕೆ ಮೇಜಿನ ಅಂಚಿಗೆ ಸರಿದಿದೆ, ಮತ್ತು ಇದು ಸಹರಾವಿಗಳಿಗೆ ಆದ ಅನ್ಯಾಯ.

ನ್ಯೂ ಕ್ಯಾಲೆಡೋನಿಯಾದಲ್ಲಿ ಪಟ್ಟಿಯ ಸಮಸ್ಯೆಯನ್ನು ಕೆಲಕಾಲ ಬಗೆಹರಿಸಲಾಗಿತ್ತು. ಮೂಲ ಕನಕ್ ಜನ 2019ರ ಗಣತಿಯಂತೆ ಶೇ. 41. ನಿಕ್ಕಲ್ ಗಣಿಯ ಹಿಂದೆ ಬಂದವರು, ಫ್ರಾನ್ಸಿನಿಂದ ನೌಕರಿಗೆ ಬಂದವರು ಸೇರಿ ಅವರನ್ನು ಸ್ವಂತ ನೆಲದಲ್ಲೇ ಅಲ್ಪಸಂಖ್ಯಾತರನ್ನಾಗಿ ಮಾಡಿದ್ದರು. 1998ರ ನೂಮಿಯಾ ಒಪ್ಪಂದ ಇದಕ್ಕೆ ಮದ್ದು ಹುಡುಕಿತು: ಆಮೇಲೆ ಬಂದವರಿಗೆ ಪ್ರಾಂತೀಯ ಚುನಾವಣೆಯಲ್ಲಿ ಮತವಿಲ್ಲ, ಜನಮತ ಸಂಗ್ರಹಕ್ಕೆ ಇನ್ನೂ ಬಿಗಿಯಾದ ಪಟ್ಟಿ. ಮೂರು ಬಾರಿ ಮತ ನಡೆಯಬಹುದೆಂದು ಒಪ್ಪಂದದಲ್ಲೇ ಇತ್ತು. 2018ರಲ್ಲಿ ಸ್ವಾತಂತ್ರ್ಯಕ್ಕೆ ಶೇ. 43.3, 2020ರಲ್ಲಿ ಶೇ. 46.7. ಎರಡನೆಯದರಲ್ಲಿ ಶೇ. 85ಕ್ಕೂ ಹೆಚ್ಚು ಮತದಾನ. ಮೂರನೆಯದು ಏನಾದೀತೆಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ ಕೋವಿಡ್ ದ್ವೀಪಕ್ಕೆ ನುಗ್ಗಿತು. ಸತ್ತವರ ಶೋಕಾಚರಣೆ ಮುಗಿಯಲಿ, ದಿನಾಂಕ ಮುಂದೂಡಿ ಎಂದು ಕನಕ್ ಪಕ್ಷಗಳು ಕೇಳಿದವು. ಪ್ಯಾರಿಸ್ ಕಿವಿಗೊಡಲಿಲ್ಲ. 2021ರ ಡಿಸೆಂಬರ್ 12ರಂದು ಬಹಿಷ್ಕಾರದ ನಡುವೆ ಮತದಾನ ಶೇ. 44ಕ್ಕೆ ಕುಸಿಯಿತು, ‘ಇಲ್ಲ’ ಎಂದವರು ಶೇ. 96.5. ಸೂತಕದ ಮನೆಯವರು ಗೈರಾದ ಸಭೆಯಲ್ಲಿ ಪಾಲುಪತ್ರಕ್ಕೆ ಸಹಿ ಹಾಕಿಸಿಕೊಂಡಂತೆ ಇದು. ಕಾನೂನಿನ ಲೆಕ್ಕಕ್ಕೆ ಸರಿಯಿರಬಹುದು, ಒಪ್ಪಿಗೆ ಎನ್ನಲಾಗದು.

ಫ್ರಾನ್ಸ್ ಅಲ್ಲಿಗೇ ಬಿಡದೆ, ಹತ್ತು ವರ್ಷ ವಾಸವಿದ್ದವರನ್ನು ಪ್ರಾಂತೀಯ ಪಟ್ಟಿಗೆ ಸೇರಿಸುವ ತಿದ್ದುಪಡಿಯನ್ನು 2024ರ ಮೇಯಲ್ಲಿ ಸಂಸತ್ತಿಗೆ ತಂದಿತು. ಮೇ 13ರಿಂದ ರಾಜಧಾನಿ ನೂಮಿಯಾ ಹೊತ್ತಿ ಉರಿದು 14 ಜನ ಸತ್ತರು, ತಿದ್ದುಪಡಿ ಕೈಬಿಡಬೇಕಾಯಿತು. ಆದರೆ ಇನ್ನೊಂದು ಪಕ್ಷದ ಮಾತಿನಲ್ಲೂ ಹುರುಳಿದೆ. ಸಾಮಾನ್ಯ ಪಟ್ಟಿಯ ಸುಮಾರು ಐದರಲ್ಲೊಬ್ಬರಿಗೆ ಪ್ರಾಂತೀಯ ಮತವಿಲ್ಲ, ಅವರಲ್ಲಿ ಅಲ್ಲೇ ಇಪ್ಪತ್ತು ವರ್ಷ ದುಡಿದವರೂ ಇದ್ದಾರೆ. ‘ನ್ಯೂ ಕ್ಯಾಲೆಡೋನಿಯಾ ರಾಜ್ಯ’ವನ್ನು ಫ್ರಾನ್ಸಿನ ಚೌಕಟ್ಟಿನೊಳಗೇ ಕಟ್ಟುವ 2025ರ ಜುಲೈನ ಬೂಜಿವಾಲ್ ಒಪ್ಪಂದವನ್ನು ಕನಕ್ ಪಕ್ಷಗಳ ಒಕ್ಕೂಟ ಒಂದೇ ತಿಂಗಳಲ್ಲಿ ತಳ್ಳಿಹಾಕಿತು.

ಗುವಾಮ್‌ನಲ್ಲಿ ಪಟ್ಟಿಯನ್ನೇ ಕೋರ್ಟು ಹೊಡೆದುಹಾಕಿತು. ಅಮೆರಿಕದೊಂದಿಗಿನ ಭವಿಷ್ಯದ ಸಂಬಂಧ ಹೇಗಿರಬೇಕೆಂಬ ಮತಕ್ಕೆ ‘ಮೂಲ ನಿವಾಸಿಗಳು’ ಮಾತ್ರ ಅರ್ಹರೆಂದು ದ್ವೀಪದ ಶಾಸನ ಹೇಳಿತ್ತು. 1950ರ ಕಾಯ್ದೆಯಿಂದ ಪೌರರಾದವರು ಮತ್ತು ಅವರ ವಂಶಜರು ಎಂಬುದು ಅದರ ಅರ್ಥ. ಇದು ಜನಾಂಗದ ಮೇಲೆ ಮತ ನಿರಾಕರಿಸಿದಂತೆ, ಅಮೆರಿಕ ಸಂವಿಧಾನದ 15ನೇ ತಿದ್ದುಪಡಿಗೆ ವಿರುದ್ಧ ಎಂದು ಮೇಲ್ಮನವಿ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿತು. ಗುಲಾಮಗಿರಿಯಿಂದ ಬಿಡುಗಡೆಯಾದವರನ್ನು ಕಾಯಲು ಬರೆದ ತಿದ್ದುಪಡಿ ದ್ವೀಪದ ಮೂಲ ಚಮೊರೊ ಜನರ ದಾರಿಗೆ ಅಡ್ಡ ಬಂತು. ಅದೇ ಗುವಾಮ್‌ನವರಿಗೆ ಅಮೆರಿಕದ ಅಧ್ಯಕ್ಷರನ್ನು ಆರಿಸುವ ಮತ ಇಲ್ಲ.

ಎಷ್ಟು ಮತ ಸಾಕು ಎಂಬ ಪ್ರಶ್ನೆಗೆ ಟೋಕೆಲಾವ್ ಉದಾಹರಣೆ. ಮೂರು ಹವಳದಿಬ್ಬ, ಸುಮಾರು 1,500 ಜನ, ವಿಮಾನ ನಿಲ್ದಾಣ ಇಲ್ಲ, ಸಮೋವಾದಿಂದ ಹಡಗಿನಲ್ಲಿ ಒಂದು ದಿನಕ್ಕೂ ಹೆಚ್ಚಿನ ಪಯಣ. ಆಳುವ ದೇಶವೇ ‘ಬನ್ನಿ, ಬಿಡುಗಡೆ ತೆಗೆದುಕೊಳ್ಳಿ’ ಎಂದ ಅಪರೂಪದ ಪ್ರಕರಣ. ಮುಕ್ತ ಸಹಯೋಗಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕೆಂದು ಅಲ್ಲಿಯ ಸಭೆಯೇ ನಿರ್ಧರಿಸಿಕೊಂಡಿತ್ತು. 2006ರಲ್ಲಿ ಶೇ. 60 ಬಂತು. 2007ರಲ್ಲಿ 446 ಪರ, 242 ವಿರೋಧ. ಗುರಿ ಸ್ವಲ್ಪದರಲ್ಲೇ ತಪ್ಪಿತು. ಸಣ್ಣ ಸಮುದಾಯದಲ್ಲಿ ಎರಡು ಮೂರು ಮನೆತನಗಳ ಅಂಜಿಕೆಯೇ ಫಲಿತಾಂಶ ತಿರುಗಿಸುತ್ತದೆ. ನ್ಯೂಜಿಲೆಂಡಿನ ಪೌರತ್ವ, ಆಸ್ಪತ್ರೆ, ಹಡಗು ನಾಳೆ ಇರುತ್ತದೋ ಇಲ್ಲವೋ ಎಂಬ ಭಯ ಪೂರ್ತಿ ಹೋಗದೆ ಅವರು ‘ಹೌದು’ ಎಂದು ಒತ್ತಲಾರರು.

ಜಿಬ್ರಾಲ್ಟರ್, ಫಾಕ್‌ಲ್ಯಾಂಡ್‌ಗಳದ್ದು ಬೇರೆ ಜಾತಿಯ ಗಂಟು. 1967ರಲ್ಲಿ ಜಿಬ್ರಾಲ್ಟರಿನ 12,138 ಮಂದಿ ಬ್ರಿಟನ್ನಿಗೂ 44 ಮಂದಿ ಸ್ಪೇನಿಗೂ ಮತ ಹಾಕಿದರು. 2013ರಲ್ಲಿ ಫಾಕ್‌ಲ್ಯಾಂಡಿನವರು 1,513ಕ್ಕೆ 3ರಂತೆ ಈಗಿನ ಸ್ಥಿತಿಯೇ ಇರಲಿ ಎಂದರು. ಸ್ಪೇನ್, ಅರ್ಜೆಂಟೀನಾಗಳ ವಾದ, ಅಲ್ಲಿರುವವರು ವಸಾಹತುಗಾರರು ತಂದು ನೆಲೆಗೊಳಿಸಿದ ಜನ, ಅವರನ್ನು ಕೇಳಿ ಪ್ರಯೋಜನವಿಲ್ಲ ಎಂಬುದು. 1960ರ ಮೂಲ ಘೋಷಣೆಯಲ್ಲೇ (1514ನೇ ಠರಾವು) ಈ ಎಳೆದಾಟ ಇದೆ: 2ನೇ ಅಂಶ ಎಲ್ಲ ಜನರಿಗೂ ಸ್ವಯಂ ನಿರ್ಣಯದ ಹಕ್ಕು ಕೊಡುತ್ತದೆ, 6ನೇ ಅಂಶ ದೇಶದ ಅಖಂಡತೆ ಒಡೆಯುವುದನ್ನು ನಿಷೇಧಿಸುತ್ತದೆ. ಗೋವಾದ ವಿಷಯದಲ್ಲಿ ಭಾರತ ನಿಂತದ್ದು ಅಖಂಡತೆಯ ನೆಲೆಯಲ್ಲಿ. ಗೋವನ್ನರನ್ನು ‘ಭಾರತ ಬೇಕೋ ಬೇಡವೋ’ ಎಂದು ಯಾರೂ ಕೇಳಲಿಲ್ಲ. 1967ರ ಜನವರಿ 16ರ ಪ್ರಸಿದ್ಧ ಮತದಾನದ ಪ್ರಶ್ನೆ ಮಹಾರಾಷ್ಟ್ರಕ್ಕೆ ಸೇರಬೇಕೋ ಬೇಡವೋ ಎಂಬುದಾಗಿತ್ತು, ಅದರಲ್ಲಿ 1,72,191 ಮತ ಪ್ರತ್ಯೇಕವಾಗಿ ಉಳಿಯುವುದಕ್ಕೆ, 1,38,170 ವಿಲೀನಕ್ಕೆ. ಕಾಳಿ ಹೊಳೆಯ ಈಚೆಯಿಂದ ನೋಡುವವರಿಗೆ ಗೋವಾ ವಿಮೋಚನೆ ನ್ಯಾಯವೇ ಸರಿ. ಹಾಗಿದ್ದೂ ಅದು ಮತಪೆಟ್ಟಿಗೆಯಿಂದ ಬಂದದ್ದಲ್ಲ ಎಂಬುದನ್ನು ಒಪ್ಪಿಕೊಂಡೇ ಮಾತಾಡಬೇಕು.

ಪಟ್ಟಿಯ ಹೊರಗೆ ಉಳಿದವರು

ಪಟ್ಟಿಯಿಂದ ಹೆಸರು ತೆಗೆದ ಮಾತ್ರಕ್ಕೆ ಬಿಡುಗಡೆ ಆಗಿಬಿಡುವುದಿಲ್ಲ. 30 ಲಕ್ಷಕ್ಕೂ ಹೆಚ್ಚು ಜನರಿರುವ ಪೋರ್ಟೊ ರಿಕೊವನ್ನು 1953ರಲ್ಲೇ ಕೈಬಿಡಲಾಯಿತು. ಅಲ್ಲಿಯ ಅಧಿಕಾರದ ಮೂಲ ಅಮೆರಿಕದ ಸಂಸತ್ತೇ ಎಂದು 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಹಾಂಗ್‌ಕಾಂಗ್, ಮಕಾವ್‌ಗಳನ್ನು 1972ರಲ್ಲಿ ಚೀನಾ ಕೇಳಿ ತೆಗೆಸಿತು, ಅಲ್ಲಿಯ ಜನಕ್ಕೆ ಸ್ವಯಂ ನಿರ್ಣಯದ ಮಾತೇ ಏಳದಂತೆ. ಫ್ರೆಂಚ್ ಪಾಲಿನೇಷಿಯಾದ ಹೆಸರನ್ನು ಸಾಲೊಮನ್ ದ್ವೀಪಗಳು, ನವುರು, ಟುವಾಲುಗಳು ಠರಾವು ತಂದು 2013ರ ಮೇ 17ರಂದು ಮರಳಿ ಸೇರಿಸಿದವು. ಕೆಲವೇ ದಿನ ಮೊದಲು ಅಲ್ಲಿಯ ಚುನಾವಣೆಯಲ್ಲಿ ಗೆದ್ದ ಪಕ್ಷ ಇದಕ್ಕೆ ವಿರುದ್ಧವಿತ್ತು ಎಂಬುದನ್ನೂ ಹೇಳಬೇಕು. ಆದರೆ 1966ರಿಂದ 1996ರವರೆಗೆ 193 ಅಣು ಸ್ಫೋಟಗಳನ್ನು ಸಹಿಸಿದ ನೆಲದ ಬಗ್ಗೆ ಹೊರಗಿನವರು ವರದಿ ಕೇಳುವುದು ತಪ್ಪಲ್ಲ.

ಇವುಗಳಲ್ಲಿ ಕಾರವಾರದವರ ಎದೆಗೆ ನೇರ ತಟ್ಟಬೇಕಾದ್ದು ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳು. 1965ರ ನವೆಂಬರ್ 8ರಂದು, ಮಾರಿಷಸ್‌ಗೆ ಸ್ವಾತಂತ್ರ್ಯ ಕೊಡುವ ಮೊದಲು, ಬ್ರಿಟನ್ ಈ ದ್ವೀಪಗಳನ್ನು ಕತ್ತರಿಸಿ ಇಟ್ಟುಕೊಂಡಿತು. ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ನೌಕಾನೆಲೆಗಾಗಿ 1968–73ರ ನಡುವೆ ಸುಮಾರು 1,500ರಿಂದ 2,000 ಜನರನ್ನು ಎತ್ತಂಗಡಿ ಮಾಡಿತು. ತಲೆಮಾರುಗಳಿಂದ ತೆಂಗಿನ ತೋಟದಲ್ಲಿ ದುಡಿದವರನ್ನು ‘ಗುತ್ತಿಗೆ ಕೂಲಿಗಳು, ಖಾಯಂ ಜನ ಇಲ್ಲವೇ ಇಲ್ಲ’ ಎಂದು ಬರೆದುಕೊಂಡಿತು. ಜನ ಇಲ್ಲ ಎಂದಾದರೆ 73ನೇ ವಿಧಿಯ ವರದಿಯೂ ಬೇಡ, ಪಟ್ಟಿಯೂ ಬೇಡ. ಕಾರವಾರದ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅರಗಾ, ಚೆಂಡಿಯಾ, ಅಮದಳ್ಳಿ ಸುತ್ತಿನ ಮನೆ ಗದ್ದೆ ಬಿಟ್ಟವರು ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಮೆಟ್ಟಿಲು ಹತ್ತಿದ್ದಾರೆ. ಆ ನೋವು ಕಡಿಮೆಯಲ್ಲ. ಆದರೂ ಅವರ ಬಳಿ ಮತವಿತ್ತು, ಶಾಸಕನನ್ನು ಕೇಳುವ ಹಕ್ಕಿತ್ತು, ನಿರಾಶ್ರಿತರೆಂಬ ದಾಖಲೆಯಿತ್ತು. ಚಾಗೋಸಿನವರಿಗೆ ತಾವು ಅಲ್ಲಿದ್ದೆವು ಎಂಬುದನ್ನೇ ಸಾಬೀತು ಮಾಡಬೇಕಾಯಿತು.

2019ರ ಫೆಬ್ರುವರಿ 25ರಂದು ಅಂತರರಾಷ್ಟ್ರೀಯ ನ್ಯಾಯಾಲಯ 13–1ರಂತೆ ಆ ವಿಭಜನೆ ಕಾನೂನುಬಾಹಿರ ಎಂದಿತು. ಸಾಮಾನ್ಯ ಸಭೆಯಲ್ಲಿ 116 ದೇಶಗಳು, ಭಾರತವೂ ಸೇರಿ, ಬ್ರಿಟನ್ ಹೊರಡಬೇಕೆಂದು ಮತ ಹಾಕಿದವು, ವಿರೋಧ ಆರು ಮಾತ್ರ. 2025ರ ಮೇ 22ರಂದು ಸಹಿಯಾದ ಒಪ್ಪಂದ ದ್ವೀಪಗಳ ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಕೊಟ್ಟು, ನೆಲೆಯನ್ನು 99 ವರ್ಷ ಬ್ರಿಟನ್ನಿಗೇ ಬಿಡುತ್ತದೆ. ಬಾಡಿಗೆ ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್. ಮರಳಿ ನೆಲೆಸುವ ಅವಕಾಶ ಡಿಯೆಗೊ ಗಾರ್ಸಿಯಾ ಬಿಟ್ಟು ಉಳಿದ ದ್ವೀಪಗಳಿಗೆ ಮಾತ್ರ. ಮಾತುಕತೆಯ ಮೇಜಿನಲ್ಲಿ ಚಾಗೋಸ್ ಜನರಿಗೆ ಕುರ್ಚಿ ಇರಲಿಲ್ಲ. ಎರಡು ಸರ್ಕಾರಗಳ ನಡುವಿನ ವ್ಯವಹಾರವನ್ನು ಜನರ ಸ್ವಯಂ ನಿರ್ಣಯ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಮಣ್ಣಿಗಿಂತ ನೀರು

ಇಷ್ಟು ಸಣ್ಣ ದ್ವೀಪಗಳಿಗೆ ಇಷ್ಟು ಹಟ ಯಾಕೆ? ಬೈತಖೋಲದ ಬಂದರಿನಲ್ಲಿ ಬೋಟು ನಡೆಸುವವರಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಸುತ್ತ ಬೇರೆ ದೇಶವಿಲ್ಲದ ಒಂಟಿ ದ್ವೀಪಕ್ಕೆ 200 ನಾಟಿಕಲ್ ಮೈಲು, ಅಂದರೆ 370 ಕಿಲೋಮೀಟರು ತ್ರಿಜ್ಯದ ಆರ್ಥಿಕ ವಲಯ ಸಿಗುತ್ತದೆ. ಒಂದು ಚುಕ್ಕಿಯಷ್ಟು ನೆಲಕ್ಕೆ ಸುಮಾರು 4.3 ಲಕ್ಷ ಚದರ ಕಿಲೋಮೀಟರು ಕಡಲು, ಕರ್ನಾಟಕದ ಎರಡು ಪಟ್ಟಿಗೂ ಮಿಕ್ಕಿ. ಐವತ್ತರೊಳಗೆ ಜನರಿರುವ ಪಿಟ್‌ಕೇರ್ನ್‌ನಿಂದ ಬ್ರಿಟನ್ನಿಗೆ ಸಿಗುವ ವಲಯ 8 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು, ಫ್ರೆಂಚ್ ಪಾಲಿನೇಷಿಯಾದ್ದು 45 ಲಕ್ಷಕ್ಕೂ ಹೆಚ್ಚು. ಅಲ್ಲಿಯ ಟ್ಯೂನಾ, ಸ್ಕ್ವಿಡ್, ನಾಳೆ ಸಮುದ್ರತಳದ ಖನಿಜ ಯಾರದು ಎಂಬುದೇ ಅಸಲು ವ್ಯಾಜ್ಯ. ಸ್ವಾಡಳಿತ ಸಿಗದ ಪ್ರದೇಶದ ಸಮುದ್ರ ಸಂಪತ್ತನ್ನು ಅಲ್ಲಿಯ ಜನರ ಹಿತಕ್ಕಾಗಿಯೇ ಬಳಸಬೇಕೆಂದು 1982ರ ಸಮುದ್ರ ಕಾನೂನು ಸಮ್ಮೇಳನದ ಮೂರನೇ ಠರಾವು ಹೇಳುತ್ತದೆ. ಇದನ್ನು ಕೋರ್ಟಿನಲ್ಲಿ ಜೀವಂತವಾಗಿಟ್ಟವರು ಸಹರಾವಿಗಳು. 2024ರ ಅಕ್ಟೋಬರ್ 4ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ, ಮೊರಾಕ್ಕೊದೊಂದಿಗಿನ ಮೀನುಗಾರಿಕೆ ಮತ್ತು ಕೃಷಿ ಒಪ್ಪಂದಗಳಿಗೆ ಪಶ್ಚಿಮ ಸಹಾರಾದ ಜನರ ಸಮ್ಮತಿ ಇರಲಿಲ್ಲವೆಂದು ಅವನ್ನು ಅಸಿಂಧು ಮಾಡಿತು. ಅಲ್ಲಿ ಈಗ ವಾಸಿಸುವವರನ್ನು ಕೇಳಿದರೆ ಸಾಲದು, ಆ ನೆಲದ ಜನರನ್ನು ಕೇಳಬೇಕು, ಅವರಲ್ಲಿ ಬಹುಪಾಲು ಹೊರಗೆ ನಿರಾಶ್ರಿತರಾಗಿದ್ದಾರೆ ಎಂದಿತು. ‘ಸ್ವಯಂ’ ಯಾರು ಎಂಬುದಕ್ಕೆ ಇತ್ತೀಚೆಗೆ ಸಿಕ್ಕ ಸ್ಪಷ್ಟ ಉತ್ತರ ಇದು.

ಭಾರತದ ಸ್ಥಾನ ಇಲ್ಲಿ ಸರಳವಲ್ಲ. ಸಹರಾವಿಗಳು ಘೋಷಿಸಿಕೊಂಡ ಗಣರಾಜ್ಯವನ್ನು 1985ರಲ್ಲಿ ಮಾನ್ಯ ಮಾಡಿ 2000ದಲ್ಲಿ ಹಿಂತೆಗೆದುಕೊಂಡಿತು. 1979ರಲ್ಲಿ ನಾಗರಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರುವಾಗ, ಸ್ವಯಂ ನಿರ್ಣಯ ಪರಕೀಯ ಆಳ್ವಿಕೆಯಡಿ ಇರುವವರಿಗೆ ಮಾತ್ರ, ಸ್ವತಂತ್ರ ದೇಶದ ಒಂದು ಭಾಗದ ಜನರಿಗೆ ಅಲ್ಲ ಎಂದು ಷರತ್ತು ಬರೆಸಿತು. ಆ ಷರತ್ತನ್ನು ಒಪ್ಪಿಕೊಂಡೇ ನೋಡಿದರೂ ಈ ಹದಿನೇಳು ಪ್ರದೇಶಗಳು ಅದರ ಒಳಗೇ ಬರುತ್ತವೆ, ಹೀಗಾಗಿ ದೆಹಲಿ ಇಲ್ಲಿ ಹಿಂಜರಿಯಬೇಕಿಲ್ಲ. ಜೂನ್ ತಿಂಗಳ ಅಧಿವೇಶನದಲ್ಲಿ ಭಾರತ ಕೇಳಬಹುದಾದ ಮೂರು ವಿಷಯಗಳಿವೆ: ನ್ಯೂ ಕ್ಯಾಲೆಡೋನಿಯಾಕ್ಕೂ ಗುವಾಮ್‌ಗೂ ಸಮಿತಿಯ ತಂಡ ಹೋಗಲು ಒಪ್ಪಿಗೆ, ಮುಂದಿನ ಯಾವುದೇ ಮತಪತ್ರದಲ್ಲಿ ಕೋಕೋಸ್ ಮಾದರಿಯ ಮೂರೂ ಆಯ್ಕೆಗಳು, ಮತ್ತು 73ನೇ ವಿಧಿಯ ವರದಿಯಲ್ಲಿ ಮೀನುಗಾರಿಕೆ ಪರವಾನಗಿಯ ಹಣ ಎಷ್ಟು ಬಂತು, ಯಾರ ಖಾತೆಗೆ ಹೋಯಿತು ಎಂಬ ಒಂದು ಕಾಲಂ.